ಆಟದ ನಡುವೆ ತಾನಾಗಿ ಆರಿಹೋಗುವ ಕಂಪ್ಯೂಟರ್: ಕೊಡಗಿನ ಮನೆಗಳಿಗೆ ದೋಷ ನಿವಾರಣೆ ಕೈಪಿಡಿ

ಗೇಮಿಂಗ್‌ಗೆಂದು ಜೋಡಿಸಿಕೊಂಡ ಕಂಪ್ಯೂಟರ್ ಆಟದ ನಡುವೆ ಆರಿಹೋಗತೊಡಗಿದರೆ ಹೆಚ್ಚಿನವರು ಮೊದಲು ಅಂಗಡಿಗೆ ಹೋಗುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಬಂದರೆ ಅದನ್ನು, ರ‍್ಯಾಮ್ ಮೇಲೆ ಬಂದರೆ ಅದನ್ನು ಬದಲಾಯಿಸುತ್ತಾರೆ. ದೋಷ ಮಾತ್ರ ಇದ್ದಲ್ಲೇ ಇರುತ್ತದೆ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಸುತ್ತಲಿನ ಮನೆಗಳಲ್ಲಿ ಇಂಥ ಯಂತ್ರಗಳನ್ನು ನೋಡುತ್ತ ಬಂದ ನನ್ನ ಅಭಿಪ್ರಾಯವೇನೆಂದರೆ, ಗೋಡೆಯ ಪ್ಲಗ್ಗಿನಿಂದ ಪ್ರಾರಂಭಿಸಿ ಒಂದೊಂದೇ ಹಂತವನ್ನು ಪರೀಕ್ಷಿಸುತ್ತ ಒಳಗೆ ಸಾಗಬೇಕು, ದೋಷ ಯಾವ ಹಂತದಲ್ಲಿದೆ ಎಂಬುದು ಖಚಿತವಾದ ಮೇಲಷ್ಟೇ ಬಿಡಿಭಾಗವನ್ನು ಆರಿಸಬೇಕು. ಮಳೆ, ತೇವ, ಉದ್ದನೆಯ ವಿದ್ಯುತ್ ಲೈನು ಇವೆಲ್ಲ ಸೇರಿರುವ ನಮ್ಮ ಜಿಲ್ಲೆಯಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಿದವರ ಹಣ ವ್ಯರ್ಥವಾಗಿರುವುದೇ ಹೆಚ್ಚು.

ಲಕ್ಷಣವನ್ನು ಸರಿಯಾಗಿ ಗುರುತಿಸುವುದು

"ಆಫ್ ಆಗುತ್ತದೆ" ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಪ್ಲಗ್ ಕಿತ್ತಂತೆ ಫ್ಯಾನು, ದೀಪ, ಸದ್ದು ಎಲ್ಲವೂ ಒಮ್ಮೆಲೇ ನಿಂತರೆ ಅದು ವಿದ್ಯುತ್ ಪೂರೈಕೆಯ ಕಡೆಗೆ ಬೊಟ್ಟು ಮಾಡುತ್ತದೆ. ದೋಷದ ಸಂದೇಶವಿರುವ ನೀಲಿ ಪರದೆ (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಅದು ಕಪ್ಪು) ಕಾಣಿಸಿ ಮತ್ತೆ ಚಾಲೂ ಆದರೆ ವಿಂಡೋಸ್ ಏನೋ ದೋಷವನ್ನು ಕಂಡು ತಾನೇ ನಿಲ್ಲಿಸಿದೆ ಎಂದರ್ಥ, ಆಗ ರ‍್ಯಾಮ್, ಪ್ರೊಸೆಸರ್ ಅಥವಾ ಡ್ರೈವರ್ (ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಕಡೆಗೆ ನೋಡಬೇಕು. ಪರದೆ ಮಾತ್ರ ಕಪ್ಪಾಗಿ ಫ್ಯಾನುಗಳು ತಿರುಗುತ್ತಲೇ ಇದ್ದು, ಗೆಳೆಯರ ಮಾತು ಹೆಡ್‌ಫೋನಿನಲ್ಲಿ ಇನ್ನೂ ಕೇಳಿಸುತ್ತಿದ್ದರೆ ಅನುಮಾನ ಗ್ರಾಫಿಕ್ಸ್ ಕಾರ್ಡಿಗೆ, ಅದರ ಕೇಬಲಿಗೆ ಅಥವಾ ಮಾನಿಟರಿಗೆ ಸೀಮಿತವಾಗುತ್ತದೆ. ಆಟವೊಂದೇ ಮುಚ್ಚಿ ಡೆಸ್ಕ್‌ಟಾಪ್ ಕಾಣಿಸಿದರೆ ಅದು ಆರಿಹೋಗುವ ದೋಷವೇ ಅಲ್ಲ.

ಆದ್ದರಿಂದ ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟ್‌ಪುಸ್ತಕವನ್ನಿಟ್ಟು, ದೋಷ ಕಾಣಿಸಿದಾಗಲೆಲ್ಲ ಸಮಯ, ಆಡುತ್ತಿದ್ದ ಆಟ, ಆಗ ಮಳೆ ಅಥವಾ ಗಾಳಿ ಇತ್ತೇ, ಮನೆಯಲ್ಲಿ ಪಂಪ್, ಗೀಸರ್, ಮಿಕ್ಸಿ ಯಾವುದು ಓಡುತ್ತಿತ್ತು ಎಂಬುದನ್ನು ಬರೆದಿಡುವುದು ಅಗತ್ಯ. ನಾಪೋಕ್ಲು ಕಡೆಯ ತೋಟದ ಮನೆಯೊಂದರಲ್ಲಿ ಕಂಪ್ಯೂಟರ್ ಸಂಜೆಯ ಹೊತ್ತು ಮಾತ್ರ ಆರುತ್ತಿತ್ತು. ಮನೆಯವರು ಸಮಯಗಳನ್ನು ಬರೆದಿಟ್ಟು ನೋಡಿದಾಗ ಅವು ತೋಟದ ಕೆಲಸಗಾರರು ಸ್ಪ್ರಿಂಕ್ಲರ್ ಪಂಪನ್ನು ಹಾಕುವ ಸಮಯಕ್ಕೆ ತಾಳೆಯಾದವು. ಅಲ್ಲಿಯವರೆಗೆ ಎಲ್ಲರೂ ಗ್ರಾಫಿಕ್ಸ್ ಕಾರ್ಡನ್ನೇ ದೂರುತ್ತಿದ್ದರು.

ವಿಂಡೋಸ್ ಬರೆದಿಡುವ ದಾಖಲೆ

ನೋಟ್‌ಪುಸ್ತಕದ ಜೊತೆಗೆ ವಿಂಡೋಸಿನ ಈವೆಂಟ್ ವ್ಯೂವರ್ ತೆರೆದು, ಸಿಸ್ಟಂ ಲಾಗ್‌ನಲ್ಲಿ ಅದೇ ಸಮಯದ ಸಾಲುಗಳನ್ನು ಓದಬೇಕು. ಅಲ್ಲಿ ಬಹುತೇಕ ಯಾವಾಗಲೂ ಕರ್ನೆಲ್-ಪವರ್ 41 ಎಂಬ ಸಾಲು ಇರುತ್ತದೆ. ಅದರಲ್ಲಿರುವ ಪವರ್ ಎಂಬ ಪದವನ್ನು ಕಂಡು ಎಸ್‌ಎಂಪಿಎಸ್ (ಮೇನ್ಸ್ ವಿದ್ಯುತ್ತನ್ನು ಬಿಡಿಭಾಗಗಳಿಗೆ ಬೇಕಾದ ಡಿಸಿಗೆ ಬದಲಿಸುವ ಪೆಟ್ಟಿಗೆ) ಕೆಟ್ಟಿದೆ ಎಂದು ತೀರ್ಮಾನಿಸುವವರು ಅನೇಕರಿದ್ದಾರೆ. ಆದರೆ ಆ ಸಾಲು ಹೇಳುವುದು ಹಿಂದಿನ ಸಲ ಯಂತ್ರ ಕ್ರಮವಾಗಿ ಮುಚ್ಚಲಿಲ್ಲ ಎಂಬುದನ್ನಷ್ಟೇ. ನಿಜವಾದ ಸುಳಿವು ಅದರ ವಿವರಗಳಲ್ಲಿ ಬಗ್‌ಚೆಕ್‌ಕೋಡ್ ಎಂಬ ಹೆಸರಿನ ಮುಂದೆ ಇರುವ ಸಂಖ್ಯೆಯಲ್ಲಿದೆ. ಅದು 0 ಆಗಿದ್ದರೆ ವಿದ್ಯುತ್ ಕಡಿತವಾಗಿದೆ ಅಥವಾ ಯಂತ್ರ ಏನನ್ನೂ ಬರೆಯಲಾಗದಂತೆ ಸ್ತಬ್ಧವಾಗಿದೆ. 0 ಅಲ್ಲದಿದ್ದರೆ ನೀಲಿ ಪರದೆ ಬಂದಿದೆ. ಸಂಖ್ಯೆಯನ್ನು ಇಲ್ಲಿ ದಶಮಾನದಲ್ಲಿ ಕೊಟ್ಟಿರುತ್ತಾರೆ ಎಂಬುದನ್ನು ಮರೆಯಬಾರದು: 292 ಎಂದಿದ್ದರೆ ಅದು ನೀಲಿ ಪರದೆಯ ಪಟ್ಟಿಗಳಲ್ಲಿ 124 ಎಂದು ಕಾಣುವ ಯಂತ್ರಾಂಶ ದೋಷ, 278 ಎಂದಿದ್ದರೆ 116 ಎಂದು ಕಾಣುವ ಗ್ರಾಫಿಕ್ಸ್ ಡ್ರೈವರಿನ ದೋಷ, 26 ಎಂದಿದ್ದರೆ 1ಎ ಎಂದು ಕಾಣುವ ಮೆಮೊರಿ ನಿರ್ವಹಣೆಯ ದೋಷ.

ಇದರ ಆಸುಪಾಸಿನಲ್ಲೇ ಡಬ್ಲ್ಯುಎಚ್‌ಇಎ-ಲಾಗರ್ 18 ಎಂಬ ಸಾಲಿದ್ದರೆ ಪ್ರೊಸೆಸರು ತನ್ನೊಳಗೇ ಮಾರಕ ದೋಷವನ್ನು ಕಂಡಿದೆ ಎಂದು ತಿಳಿಯಬೇಕು. ಡಿಸ್‌ಪ್ಲೇ 4101 ಎಂದಿದ್ದರೆ ಗ್ರಾಫಿಕ್ಸ್ ಡ್ರೈವರು ಉತ್ತರಿಸದೆ ನಿಂತು ಮತ್ತೆ ಚೇತರಿಸಿಕೊಂಡಿದೆ. ಈ ಯಾವ ಸಾಲೂ ಇಲ್ಲದೆ 41 ಮಾತ್ರ ಇದ್ದು, ಕೋಡ್ 0 ಆಗಿದ್ದು, ಯಂತ್ರ ಪ್ಲಗ್ ಕಿತ್ತಂತೆ ನಿಂತಿದ್ದರೆ ಮುಂದಿನ ಭಾಗವನ್ನು ನಿಧಾನವಾಗಿ ಓದಬೇಕು. ನಮ್ಮ ಜಿಲ್ಲೆಯಲ್ಲಿ ನಾನು ಹೆಚ್ಚಾಗಿ ಕಂಡಿರುವ ದೋಷ ಇದೇ.

ಗೋಡೆಯ ಪ್ಲಗ್ಗಿನವರೆಗಿನ ವಿದ್ಯುತ್

ಮನೆಗೆ ಬರಬೇಕಾದ ವಿದ್ಯುತ್ 230 ವೋಲ್ಟ್, 50 ಹರ್ಟ್ಜ್. ತೋಟದ ನಡುವಿನ ಮನೆ ಟ್ರಾನ್ಸ್‌ಫಾರ್ಮರಿನಿಂದ ಬಹಳ ದೂರದಲ್ಲಿದ್ದರೆ ಸಂಜೆ ಎಲ್ಲ ಮನೆಗಳ ಬಳಕೆ ಏರುತ್ತಿದ್ದಂತೆ ವೋಲ್ಟೇಜ್ ಕುಸಿಯುತ್ತದೆ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ತಡವಾದ ವರ್ಷಗಳಲ್ಲಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿಗೆ ನೀರು ಹಾಯಿಸುವ ಪಂಪುಗಳು ಓಡುತ್ತವೆ. ಮೋಟರು ಚಾಲೂ ಆಗುವ ಕ್ಷಣದಲ್ಲಿ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ ಅದೇ ಲೈನಿನ ಮನೆಗಳಲ್ಲಿ ವೋಲ್ಟೇಜ್ ಕ್ಷಣಮಾತ್ರ ಬೀಳುತ್ತದೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗಾಳಿಯಲ್ಲಿ ಸಿಲ್ವರ್ ಓಕ್ ಮತ್ತು ನೆರಳಿನ ಮರಗಳ ಕೊಂಬೆ ತಂತಿಗೆ ತಾಗಿದರೂ ಇದೇ ಪರಿಣಾಮ.

"ಬಲ್ಬು ಆರಲಿಲ್ಲ, ರೂಟರ್ ಆರಲಿಲ್ಲ, ಆದ್ದರಿಂದ ಕರೆಂಟಿನ ದೋಷವಲ್ಲ" ಎಂಬ ವಾದವನ್ನು ಪದೇ ಪದೇ ಕೇಳುತ್ತೇವೆ. ಈ ವಾದ ನಿಲ್ಲುವುದಿಲ್ಲ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರು ಛಾವಣಿಯ ಮೇಲಿನ ನೀರಿನ ಟ್ಯಾಂಕಿನಂತೆ ಕೆಲಸ ಮಾಡುತ್ತದೆ: ಹೊರಗಿನ ಪೂರೈಕೆ ನಿಂತ ಮೇಲೂ ಸ್ವಲ್ಪ ಹೊತ್ತು ಒಳಗೆ ಹರಿವು ಇರುತ್ತದೆ. ಆದರೆ ಭಾರಿ ಹೊರೆಯಲ್ಲಿ ಆ ಸ್ವಲ್ಪ ಹೊತ್ತು ಎಂಬುದು ಎಸ್‌ಎಂಪಿಎಸ್‌ಗಳಿಗಿರುವ ಎಟಿಎಕ್ಸ್ ಮಾನದಂಡದ ಪ್ರಕಾರ ಸುಮಾರು 16 ಮಿಲಿಸೆಕೆಂಡ್ ಮಾತ್ರ. 50 ಹರ್ಟ್ಜ್ ವಿದ್ಯುತ್ತಿನ ಒಂದು ಆವರ್ತವೇ 20 ಮಿಲಿಸೆಕೆಂಡ್. ಎಂದರೆ ಒಂದೇ ಒಂದು ಆವರ್ತ ತಪ್ಪಿದರೂ ಭಾರಿ ಆಟದ ನಡುವೆ ಇರುವ ಕಂಪ್ಯೂಟರ್ ಆರಬಹುದು. ಕೆಲವೇ ವ್ಯಾಟ್ ಬೇಡುವ ಎಲ್‌ಇಡಿ ಬಲ್ಬಿಗೂ ರೂಟರಿಗೂ ಅದು ಅರಿವಿಗೇ ಬರುವುದಿಲ್ಲ. ಬ್ರೌಸರ್ ನೋಡುತ್ತಿರುವಾಗ ಸುಮ್ಮನಿರುವ ಯಂತ್ರ ಆಟದಲ್ಲಿ ಮಾತ್ರ ಆರುವುದಕ್ಕೂ ಇದೇ ಕಾರಣವಿರಬಹುದು, ಏಕೆಂದರೆ ಹೊರೆ ಕಡಿಮೆಯಿದ್ದಾಗ ಅದೇ ಕೆಪಾಸಿಟರು ಹೆಚ್ಚು ಹೊತ್ತು ತಡೆದುಕೊಳ್ಳುತ್ತದೆ.

ಪರೀಕ್ಷೆಗೆ ಮಲ್ಟಿಮೀಟರ್ ಬೇಕು. ಎಸಿ ವೋಲ್ಟೇಜ್ ಅಳತೆಗಿಟ್ಟು, ಕಂಪ್ಯೂಟರ್ ಸಿಕ್ಕಿಸಿರುವ ಬೋರ್ಡಿನ ಇನ್ನೊಂದು ಸಾಕೆಟ್ಟಿನಲ್ಲಿ ಮಧ್ಯಾಹ್ನ ಒಮ್ಮೆ, ಸಂಜೆ ಏಳರಿಂದ ಒಂಬತ್ತರ ನಡುವೆ ಒಮ್ಮೆ, ಪಂಪ್ ಹಾಕುವಾಗ ಒಮ್ಮೆ ಅಳೆದು ಬರೆದಿಡಬೇಕು. ಕನಿಷ್ಠ ಮೌಲ್ಯವನ್ನು ಹಿಡಿದಿಡುವ ಸೌಲಭ್ಯವಿರುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಆದರೂ ಮಿಲಿಸೆಕೆಂಡುಗಳ ಕುಸಿತವನ್ನು ಸಾಮಾನ್ಯ ಮೀಟರ್ ತೋರಿಸಲಾರದು. ಮೇನ್ಸ್ ವಿದ್ಯುತ್ತಿನಲ್ಲಿ ಅಳತೆ ಮಾಡಿ ರೂಢಿಯಿಲ್ಲದವರು ಈ ಕೆಲಸಕ್ಕೆ ಎಲೆಕ್ಟ್ರಿಷಿಯನ್ನರನ್ನೇ ಕರೆಯಬೇಕು.

ಅದೇ ಮೀಟರಿನಲ್ಲಿ ಅರ್ಥಿಂಗನ್ನೂ ನೋಡಿಬಿಡಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಫೇಸ್ ಮತ್ತು ಅರ್ಥ್ ನಡುವೆಯೂ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ಇರಬೇಕು. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಬಹುತೇಕ ಅರ್ಥ್ ಇಲ್ಲವೆಂದೇ ತಿಳಿಯಬೇಕು. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರುಗಳು ಕ್ಯಾಬಿನೆಟ್ಟನ್ನು ಮೇನ್ಸ್‌ನ ಅರ್ಧದಷ್ಟು ವೋಲ್ಟೇಜಿಗೆ ಎತ್ತಿ ನಿಲ್ಲಿಸಿರುತ್ತವೆ. ಇಲ್ಲಿ ಕಾಲವನ್ನೂ ಗಮನಿಸಬೇಕು. ಮಳೆಗಾಲದಲ್ಲಿ ನೆಲ ನೆಂದಿರುವುದರಿಂದ ಹಳೆಯ ಅರ್ಥ್ ಗುಂಡಿಯೂ ಸರಿಯಾಗಿರುವಂತೆ ಕಾಣುತ್ತದೆ, ಅದೇ ಗುಂಡಿ ಮಾರ್ಚ್ ವೇಳೆಗೆ ಒಣಗಿ ನಿರುಪಯುಕ್ತವಾಗಿರುತ್ತದೆ. ಬೇಸಿಗೆಯಲ್ಲಿ ಅಳೆದ ಅಳತೆಯನ್ನೇ ನಂಬಬೇಕು. ಮೊದಲ ಗುಡುಗು ಮಳೆ ಬರುವುದೂ ಆ ಒಣ ದಿನಗಳ ಕೊನೆಗೇ ಆದ್ದರಿಂದ, ಸಿಡಿಲಿನ ಸರ್ಜ್ (ವೋಲ್ಟೇಜಿನ ಹಠಾತ್ ಏರಿಕೆ) ತಡೆಯಬೇಕಾದ ಸಾಧನಗಳೂ ಅರ್ಥ್ ಇಲ್ಲದೆ ಕೆಲಸ ಮಾಡಲಾರವು ಎಂಬುದು ನೆನಪಿರಲಿ.

ಸ್ಟೆಬಿಲೈಸರ್, ಇನ್ವರ್ಟರ್, ಯುಪಿಎಸ್

ರಕ್ಷಣೆಗೆಂದು ಇಟ್ಟ ಸಾಧನವೇ ದೋಷಕ್ಕೆ ಕಾರಣವಾಗುವುದುಂಟು. ಫ್ರಿಜ್ಜಿಗೆ ಬಳಸುವ ರಿಲೇ ಮಾದರಿಯ ಸ್ಟೆಬಿಲೈಸರ್ ಟಕ್ ಎಂದು ಸದ್ದು ಮಾಡಿದಾಗಲೆಲ್ಲ ಒಂದು ಕ್ಷಣ ಪೂರೈಕೆಯನ್ನು ಕಡಿದು ಜೋಡಿಸುತ್ತದೆ. ಫ್ರಿಜ್ಜು ಅದನ್ನು ಲೆಕ್ಕಿಸುವುದಿಲ್ಲ, ಗೇಮಿಂಗ್ ಯಂತ್ರ ಲೆಕ್ಕಿಸುತ್ತದೆ. ಆರಿಹೋಗುವ ಹೊತ್ತಿಗೇ ಆ ಸದ್ದು ಕೇಳಿಸುತ್ತಿದ್ದರೆ ಸ್ಟೆಬಿಲೈಸರನ್ನು ಬಿಟ್ಟು ನೇರವಾಗಿ ಜೋಡಿಸಿ ನೋಡಬೇಕು. ಮನೆಯ ಇನ್ವರ್ಟರಿನಲ್ಲಿ ಸಾಮಾನ್ಯವಾಗಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದು ಇನ್ನೊಂದು ಮೋಡ್‌ನಲ್ಲಿದ್ದರೆ ಕರೆಂಟ್ ಹೋದಾಗ ಬದಲಾವಣೆ ನಿಧಾನವಾಗಿ, ಫ್ಯಾನ್ ಮತ್ತು ದೀಪಕ್ಕೆ ಸಾಕಾಗುವ ವೇಗದಲ್ಲಷ್ಟೇ ಆಗುತ್ತದೆ.

ಯುಪಿಎಸ್ ವಿಷಯದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಸಾಮರ್ಥ್ಯ: ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 600 ವಿಎ ಯುಪಿಎಸ್ ನಿಜವಾಗಿ ಕೊಡುವುದು ಸುಮಾರು 360 ವ್ಯಾಟ್. ಮಧ್ಯಮ ದರ್ಜೆಯ ಗೇಮಿಂಗ್ ಯಂತ್ರವೂ ಮಾನಿಟರೂ ಸೇರಿದರೆ ಆ ಅಂಚಿಗೆ ಬಂದುಬಿಡುತ್ತವೆ. ಇನ್ನೊಂದು ಅಲೆಯ ಆಕಾರ: ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ಚೌಕಾಕಾರದ ಅಲೆಯನ್ನು ಕೊಡುತ್ತವೆ, ಆದರೆ ಇಂದಿನ ಉತ್ತಮ ಎಸ್‌ಎಂಪಿಎಸ್‌ಗಳಲ್ಲಿರುವ ಆ್ಯಕ್ಟಿವ್ ಪಿಎಫ್‌ಸಿ ಸರ್ಕ್ಯೂಟ್ (ಮೇನ್ಸ್ ಅಲೆಗೆ ಹೊಂದಿಕೊಂಡು ಕರೆಂಟ್ ಎಳೆಯುವ ಭಾಗ) ಕೆಲವೊಮ್ಮೆ ಅದನ್ನು ಒಪ್ಪದೆ ಆರಿಹೋಗುತ್ತದೆ. ಪರೀಕ್ಷೆ ಸುಲಭ. ಕೆಲಸಗಳನ್ನೆಲ್ಲ ಉಳಿಸಿಟ್ಟು, ಯಂತ್ರ ಸುಮ್ಮನಿರುವಾಗ ಗೋಡೆಯಲ್ಲಿ ಯುಪಿಎಸ್‌ನ ಸ್ವಿಚ್ ಆಫ್ ಮಾಡಿ ನೋಡಬೇಕು, ಬಳಿಕ ಆಟ ಓಡುತ್ತಿರುವಾಗ ಹಾಗೆಯೇ ಮಾಡಬೇಕು. ಎರಡೂ ಸಲ ಯಂತ್ರ ಉಳಿದರೆ ಯುಪಿಎಸ್ ಸರಿಯಿದೆ. ಆಟದಲ್ಲಿ ಮಾತ್ರ ಆರಿದರೆ ಸಾಮರ್ಥ್ಯ, ಬ್ಯಾಟರಿ ಅಥವಾ ಅಲೆಯ ಆಕಾರ ಇವುಗಳಲ್ಲಿ ಒಂದು ಕಾರಣ. ಪದೇ ಪದೇ ಕರೆಂಟ್ ಹೋಗುವ ಊರಿನಲ್ಲಿ ಒಳಗಿನ ಸೀಸದ ಬ್ಯಾಟರಿ ಬೇಗ ಸವೆಯುವುದರಿಂದ ಮೊದಲು ಬ್ಯಾಟರಿಯನ್ನು ಪರೀಕ್ಷಿಸಿಕೊಳ್ಳುವುದು ಕಡಿಮೆ ಖರ್ಚಿನ ದಾರಿ.

ತೇವ, ಹೊಗೆ, ಬಿಸಿ

ಹೊರಗಿನ ವಿದ್ಯುತ್ ಸರಿಯಿದೆ ಎಂದಾದ ಮೇಲೆ ಕ್ಯಾಬಿನೆಟ್ ತೆರೆಯಬೇಕು. ಪ್ಲಗ್ ತೆಗೆದು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಬಳಿಕ ಕೈ ಹಾಕಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಉಳಿದಿರಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಚಪ್ಪಲಿ, ಪುಸ್ತಕಗಳಿಗೆ ಬೂಷ್ಟು ಹಿಡಿಸುವ ತೇವ ಕಂಪ್ಯೂಟರನ್ನೂ ಬಿಡುವುದಿಲ್ಲ. ಧೂಳಿನ ಪದರ ತೇವವನ್ನು ಹೀರಿಕೊಂಡು ರ‍್ಯಾಮ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಸಂಪರ್ಕಗಳ ನಡುವೆ ಕೂರುತ್ತದೆ. ರ‍್ಯಾಮ್ ಪಟ್ಟಿಗಳನ್ನು ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಮತ್ತೆ ಗಟ್ಟಿಯಾಗಿ ಕೂರಿಸಿದರೆ ಅನೇಕ ಯಂತ್ರಗಳು ಅಷ್ಟಕ್ಕೇ ಸರಿಹೋಗುತ್ತವೆ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರೂಢಿ ಅಂಗಡಿಗಳಲ್ಲಿದೆ, ಆದರೆ ಅದು ತೆಳುವಾದ ಚಿನ್ನದ ಲೇಪವನ್ನು ಸವೆಸುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೆ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು. ಅದರದೇ ಬಿಸಿ ತೇವವನ್ನು ದೂರವಿಡುತ್ತದೆ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುವುದರಿಂದ ಅದು ಬೇಡ. ಸೌದೆ ಒಲೆಯ ಹೊಗೆ ತಲುಪುವ ಕೋಣೆಯಾಗಿದ್ದರೆ ಹೀಟ್‌ಸಿಂಕಿನ ಎಲೆಗಳ ನಡುವೆ ಜಿಡ್ಡು ಮಸಿ ಕಟ್ಟಿಕೊಂಡಿರುತ್ತದೆ, ಅದು ಬ್ಲೋವರಿನ ಗಾಳಿಗೆ ಹೋಗುವುದಿಲ್ಲ, ಬ್ರಶ್ಶಿನಿಂದಲೇ ತೆಗೆಯಬೇಕು. ಹಿಂಬದಿಯ ಜಾಲರಿಯಿಂದ ಹಲ್ಲಿ, ಇರುವೆ ಒಳಸೇರಿವೆಯೇ ಎಂದೂ ನೋಡಬೇಕು.

ಚಳಿ ಊರಿನಲ್ಲಿ ಕಂಪ್ಯೂಟರ್ ಬಿಸಿಯಾಗುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಕೋಣೆ ತಂಪಾದಷ್ಟೂ ಬಿಡಿಭಾಗಗಳ ಉಷ್ಣಾಂಶ ಇಳಿಯುವುದು ಹೌದು, ಅದರಿಂದಲೇ ಇಲ್ಲಿ ಉಷ್ಣಾಂಶದ ಅಳತೆ ಬಲವಾದ ಸಾಕ್ಷ್ಯವಾಗುತ್ತದೆ: 20 ಡಿಗ್ರಿಯ ಕೋಣೆಯಲ್ಲಿ ಮಧ್ಯಮ ದರ್ಜೆಯ ಪ್ರೊಸೆಸರು ಆಟದ ವೇಳೆ ತನ್ನ ಮಿತಿಯನ್ನು ಮುಟ್ಟುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲ, ಅದಕ್ಕೂ ಪ್ರೊಸೆಸರಿಗೂ ನಡುವಿನ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಫ್ಯಾನ್ ನಿಂತಿದೆ. ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ಇದನ್ನು ನೋಡಬಹುದು. ಮಿತಿ ರೈಜನ್ 7000 ಸರಣಿಯ ಹೆಚ್ಚಿನವುಗಳಿಗೆ 95 ಡಿಗ್ರಿ, ರೈಜನ್ 7 7800ಎಕ್ಸ್3ಡಿಗೆ 89 ಡಿಗ್ರಿ. ಪ್ರೊಸೆಸರು ಬಿಸಿಯಾದಾಗ ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಆರುವುದು ಆಮೇಲಿನ ಮಾತು. ವೇಗ ಕುಗ್ಗದೆ ಏಕಾಏಕಿ ಆರಿದ್ದರೆ ಪ್ರೊಸೆಸರಿನ ಬಿಸಿಯನ್ನು ಬದಿಗಿಟ್ಟು ಮುಂದುವರಿಯಬಹುದು.

ಎಸ್‌ಎಂಪಿಎಸ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್: ಒಂದೊಂದಾಗಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ಎಂದೂ ತಿಳಿಯುವುದಿಲ್ಲ. ಪ್ರೊಸೆಸರಿಗೆ ಮಾತ್ರ ಹೊರೆ ಕೊಡುವ ಪ್ರೈಮ್95, ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಹೊರೆ ಕೊಡುವ ಫರ್‌ಮಾರ್ಕ್ ಇವುಗಳನ್ನು ಮೊದಲು ಬೇರೆ ಬೇರೆಯಾಗಿ, ಬಳಿಕ ಒಟ್ಟಿಗೆ ಓಡಿಸಬೇಕು. ಬೇರೆ ಬೇರೆಯಾಗಿ ನಿಂತ ಯಂತ್ರ ಒಟ್ಟಿಗೆ ಓಡಿಸಿದಾಗ ಆರಿದರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಬಲವಾಗುತ್ತದೆ. ಅದೇ ಹೊರೆಯಲ್ಲಿ ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಡಿಸಿ ವೋಲ್ಟೇಜ್ ಅಳೆದರೆ 11.40ರಿಂದ 12.60 ವೋಲ್ಟ್ ಒಳಗಿರಬೇಕು. ತಂತ್ರಾಂಶ ತೋರಿಸುವ 12 ವೋಲ್ಟಿನ ಅಂಕಿಯನ್ನು ಪೂರ್ತಿ ನಂಬಬಾರದು.

ಹೊಸ ಎಸ್‌ಎಂಪಿಎಸ್ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಕಾರ್ಡಿನ ಪವರ್ ಮಿತಿಯನ್ನು 70 ಪ್ರತಿಶತಕ್ಕೆ ಇಳಿಸಿ, ಆಟದ ಫ್ರೇಮ್ ಮಿತಿಯನ್ನು ಸೆಕೆಂಡಿಗೆ 60ಕ್ಕೆ ಕಟ್ಟಿ ಕೆಲವು ಸಂಜೆ ಆಡಿ ನೋಡಬೇಕು. ದೋಷ ನಿಂತರೆ ವಿದ್ಯುತ್ ಪೂರೈಕೆ ಸಾಲದಾಗಿದೆ ಎಂಬ ಅನುಮಾನಕ್ಕೆ ಒಳ್ಳೆಯ ಆಧಾರ ಸಿಕ್ಕಂತಾಯಿತು. ಗ್ರಾಫಿಕ್ಸ್ ಕಾರ್ಡುಗಳು ಸರಾಸರಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಕ್ಷಣಾರ್ಧದಲ್ಲಿ ಎಳೆಯುವುದರಿಂದಲೇ 2022ರ ಎಟಿಎಕ್ಸ್ 3.0 ಮಾನದಂಡದಲ್ಲಿ ಇಂಥ ಏರಿಳಿತವನ್ನು ತಾಳಿಕೊಳ್ಳುವ ನಿಯಮ ಸೇರಿತು. ಕೇಬಲನ್ನೂ ನೋಡಬೇಕು: ಎರಡು 8 ಪಿನ್ ಕನೆಕ್ಟರ್ ಬೇಡುವ ಕಾರ್ಡಿಗೆ ಒಂದೇ ಕೇಬಲಿನ ಎರಡು ತುದಿಗಳನ್ನು ಸಿಕ್ಕಿಸದೆ ಎರಡು ಪ್ರತ್ಯೇಕ ಕೇಬಲ್ ಬಳಸಬೇಕು.

ನೀಲಿ ಪರದೆ ಬರುವ ಯಂತ್ರಗಳಲ್ಲಿ ರ‍್ಯಾಮ್ ಮೊದಲ ಅನುಮಾನಿತ. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಆರಂಭಿಕ ತಂತ್ರಾಂಶ) ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆಯ್ಕೆಯನ್ನು ತೆಗೆದು ಮೂಲ ವೇಗದಲ್ಲಿ ಓಡಿಸಿದಾಗ ದೋಷ ನಿಂತರೆ ಪಟ್ಟಿಗಳು ಕೆಟ್ಟಿವೆ ಎಂದಲ್ಲ, ಆ ವೇಗ ಆ ಪ್ರೊಸೆಸರಿಗೂ ಬೋರ್ಡಿಗೂ ಒಗ್ಗುತ್ತಿಲ್ಲ ಎಂದು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿ ಒಂದೇ ಒಂದು ದೋಷ ತೋರಿಸಿದರೂ ಅದನ್ನು ಕಡೆಗಣಿಸದೆ ಪಟ್ಟಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಬೇರೆ ಬೇರೆ ಕಾಲದಲ್ಲಿ ಕೊಂಡ ಪಟ್ಟಿಗಳನ್ನು ಬೆರೆಸುವುದನ್ನು, ಡಿಡಿಆರ್5ನಲ್ಲಿ ನಾಲ್ಕು ಪಟ್ಟಿಗಳನ್ನು ತುಂಬಿ ಹೆಚ್ಚಿನ ವೇಗ ನಿರೀಕ್ಷಿಸುವುದನ್ನು ಬಿಡಬೇಕು.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಮೇಲ್ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದರೆ ಇನ್ನೊಂದು ವಿಷಯವಿದೆ. ಅವುಗಳಲ್ಲಿ ಅಧಿಕ ವೋಲ್ಟೇಜಿನಿಂದ ಸ್ಥಿರತೆ ಕೆಡುವ ದೋಷವನ್ನು 2024ರಲ್ಲಿ ಕಂಪನಿಯೇ ಒಪ್ಪಿ, 0ಎಕ್ಸ್129 ಮತ್ತು 0ಎಕ್ಸ್12ಬಿ ಎಂಬ ಮೈಕ್ರೊಕೋಡ್‌ಗಳನ್ನು (ಬಯೋಸ್ ಮೂಲಕ ಪ್ರೊಸೆಸರಿಗೆ ತಲುಪುವ ತಿದ್ದುಪಡಿ) ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಬಯೋಸ್ ಹೊಸತಾಗಿಲ್ಲದಿದ್ದರೆ ಹೊಸತು ಹಾಕಲೇಬೇಕು, ಆದರೆ ಅದು ಈಗಾಗಲೇ ಹಾಳಾದ ಪ್ರೊಸೆಸರನ್ನು ಸರಿಮಾಡುವುದಿಲ್ಲ. ಬಯೋಸ್ ಬರೆಯುವ ನಡುವೆ ಕರೆಂಟ್ ಹೋದರೆ ಮದರ್‌ಬೋರ್ಡೇ ಸ್ತಬ್ಧವಾಗಬಹುದಾದ್ದರಿಂದ ಮೇಲೆ ಹೇಳಿದ ಯುಪಿಎಸ್ ಪರೀಕ್ಷೆ ಮುಗಿಯುವವರೆಗೆ ಆ ಕೆಲಸಕ್ಕೆ ಕೈಹಾಕಬಾರದು.

ದೋಷ ಖಚಿತವಾದ ಮೇಲಿನ ಆಯ್ಕೆ

ಎಸ್‌ಎಂಪಿಎಸ್ ಬದಲಾಯಿಸಬೇಕೆಂದು ಖಚಿತವಾದರೆ ಲೆಕ್ಕ ಹೀಗೆ. ರೈಜನ್ 5 7600 ಗರಿಷ್ಠ ಸುಮಾರು 88 ವ್ಯಾಟ್, ಆರ್‌ಟಿಎಕ್ಸ್ 3060 ಕಾರ್ಡ್ 170 ವ್ಯಾಟ್, ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಇನ್ನೊಂದು 60 ವ್ಯಾಟ್ ಎಂದರೆ 320 ವ್ಯಾಟ್ ಆಸುಪಾಸು. ಇದಕ್ಕೆ 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್ ಸಾಕು. ಹೆಸರಿಲ್ಲದ ಕಂಪನಿಯ 750 ವ್ಯಾಟ್ ಎಂಬ ಚೀಟಿಗಿಂತ ಅದೇ ಮೇಲು. ಪೆಟ್ಟಿಗೆಯ ಮೇಲೆ ಇನ್‌ಪುಟ್ 100ರಿಂದ 240 ವೋಲ್ಟ್ ಎಂದು ಮುದ್ರಿಸಿರಬೇಕು. ಲೈನ್ ವೋಲ್ಟೇಜ್ ಕುಸಿಯುವ ನಮ್ಮ ಊರುಗಳಿಗೆ 200ರಿಂದ 240 ಎಂದು ಬರೆದಿರುವ ಮಾದರಿಗಳನ್ನು ನಾನು ಸೂಚಿಸುವುದಿಲ್ಲ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಮುದ್ರೆಗಳು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ತಿಳಿಸುತ್ತವೆಯೇ ಹೊರತು, ಕರೆಂಟ್ ಕ್ಷಣ ತಪ್ಪಿದಾಗ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನಲ್ಲ. ಯುಪಿಎಸ್ ಆದರೆ ಸೈನ್ ವೇವ್ ಕೊಡುವ, ವೋಲ್ಟೇಜನ್ನು ತಾನೇ ಸರಿಹೊಂದಿಸುವ 1000 ವಿಎ ಅಥವಾ ಹೆಚ್ಚಿನದು. ಬಜೆಟ್ ಬಿಗಿಯಾಗಿದ್ದರೆ ಗ್ರಾಫಿಕ್ಸ್ ಕಾರ್ಡನ್ನು ಒಂದು ಮೆಟ್ಟಿಲು ಇಳಿಸಿಯಾದರೂ ಈ ಎರಡನ್ನು ಉಳಿಸಿಕೊಳ್ಳಿ ಎಂದೇ ನನ್ನ ಸಲಹೆ.

ಗುಡುಗು ಕೇಳಿಸಿದಾಗ ಪ್ಲಗ್ಗಿನ ಜೊತೆಗೆ ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರ್ ಗಾಜಿನದೇ ಆದರೂ ಅದರ ಜೊತೆಗೆ ಬರುವ ಆಧಾರದ ಉಕ್ಕಿನ ತಂತಿ ಮತ್ತು ರೂಟರಿನ ಅಡಾಪ್ಟರ್ ಎರಡೂ ಸರ್ಜ್ ತರಬಲ್ಲವು.

ಗೆಳೆಯರಿಗಾಗಿ ಮನೆಯಲ್ಲೇ ಗೇಮ್ ಸರ್ವರ್ ಓಡಿಸುವವರಿಗೆ ಎರಡು ಮಾತು ಬೇರೆ. ಮೊದಲನೆಯದಾಗಿ, ಸರ್ವರ್ ನಿಂತಿದೆ ಎಂದರೆ ಯಂತ್ರ ಆರಿದೆ ಎಂದೇ ಅಲ್ಲ. ಲಿನಕ್ಸ್‌ನಲ್ಲಿ ಮೆಮೊರಿ ಸಾಲದಾದಾಗ ಅದರ ತಿರುಳಾದ ಕರ್ನೆಲ್ ಹೆಚ್ಚು ಮೆಮೊರಿ ಹಿಡಿದಿರುವ ಪ್ರೋಗ್ರಾಮನ್ನು ತಾನೇ ಕೊಲ್ಲುತ್ತದೆ. ಮೈನ್‌ಕ್ರಾಫ್ಟ್ ಸರ್ವರಿನ ಜಾವಾಗೆ ಇದ್ದ ರ‍್ಯಾಮನ್ನೆಲ್ಲ ಬರೆದುಕೊಟ್ಟಿದ್ದರೆ ಅದೇ ಮೊದಲು ಬಲಿಯಾಗುತ್ತದೆ. ಯಂತ್ರ ಎಷ್ಟು ಹೊತ್ತಿನಿಂದ ಸತತವಾಗಿ ಓಡುತ್ತಿದೆ ಎಂದು ನೋಡಿದರೆ ಯಂತ್ರವೇ ಆರಿತ್ತೇ, ಸರ್ವರ್ ಮಾತ್ರ ನಿಂತಿತ್ತೇ ಎಂಬುದು ತಿಳಿಯುತ್ತದೆ. ಎರಡನೆಯದಾಗಿ, ಆಟದ ಲೋಕದ ಫೈಲುಗಳು ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಕೆಡಬಹುದು, ಆದ್ದರಿಂದ ಯುಎಸ್‌ಬಿ ಮೂಲಕ ಬ್ಯಾಟರಿಯ ಸ್ಥಿತಿ ತಿಳಿಸುವ ಯುಪಿಎಸ್ ಆಯ್ದುಕೊಂಡು, ಬ್ಯಾಟರಿ ಇಳಿದಾಗ ಸರ್ವರ್ ಕ್ರಮವಾಗಿ ಮುಚ್ಚುವಂತೆ ಹೊಂದಿಸಬೇಕು. ಕರೆಂಟ್ ಮರಳಿದಾಗ ತಾನಾಗಿ ಚಾಲೂ ಆಗುವ ಆಯ್ಕೆ ಬಯೋಸ್‌ನಲ್ಲಿದೆ. ಆದರೆ ಮಳೆಗಾಲದಲ್ಲಿ ಕರೆಂಟ್ ಬಂದು, ಹೋಗಿ, ಮತ್ತೆ ಬರುವುದು ಸಾಮಾನ್ಯವಾದ್ದರಿಂದ, ಯುಪಿಎಸ್‌ನಲ್ಲಿ ಕೆಲವು ನಿಮಿಷ ಕಾದು ಪೂರೈಕೆ ಕೊಡುವ ಸೌಲಭ್ಯವಿದ್ದರೆ ಅದನ್ನು ಹೊಂದಿಸಿದ ಮೇಲೆಯೇ ಈ ಆಯ್ಕೆಯನ್ನು ತೆರೆಯಬೇಕು. ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸರ್ವರನ್ನು ಕೈಯಿಂದಲೇ ಚಾಲೂ ಮಾಡುವುದು ಸುರಕ್ಷಿತ.